ಅಮೆರಿಕ ವಿಯೆಟ್ನಾಮಿನ ದನಾಂಗಿನ ಮಣ್ಣು ಕಾಯಿಸಿ ಕೊಟ್ಟಿತು, ತಪ್ಪಾಯ್ತು ಅನ್ನಲಿಲ್ಲ. ಕಾಸರಗೋಡಿನವರು ಇದನ್ನು ಹೇಗೆ ನೋಡ್ತೀರಿ?

ಅಡ್ಕಸ್ಥಳದವ

ವಿಯೆಟ್ನಾಂ ಹೆಸರು ನಮ್ಮ ಕಡೆ ಬಾಯಿಗೆ ಬರುವುದು ಒಳ್ಳೆಮೆಣಸಿನ ಕ್ರಯ ಬಿದ್ದಾಗ, ಇಲ್ಲವೇ ಗೇರುಬೀಜದ ಫ್ಯಾಕ್ಟರಿಗೆ ಬೀಗ ಬಿದ್ದಾಗ. ಇವತ್ತು ಬೇರೆ ವಿಷಯಕ್ಕೆ ಆ ಹೆಸರು ಎತ್ತುತ್ತಿದ್ದೇನೆ.

1961ರಿಂದ 1971ರ ತನಕ ಅಮೆರಿಕದ ವಿಮಾನಗಳು ದಕ್ಷಿಣ ವಿಯೆಟ್ನಾಮಿನ ಕಾಡು, ಗದ್ದೆ, ಕಾಂಡ್ಲವನಗಳ ಮೇಲೆ 7 ಕೋಟಿ ಲೀಟರಿಗೂ ಹೆಚ್ಚು ಕಳೆನಾಶಕ ಸುರಿದವು. ಅರ್ಧಕ್ಕಿಂತ ಜಾಸ್ತಿ ಏಜೆಂಟ್ ಆರೆಂಜ್ ಎಂಬ ಹೆಸರಿನದ್ದು. ಕಾಡಿನ ಎಲೆ ಉದುರಿದರೆ ಒಳಗೆ ಅಡಗಿದವರು ಕಾಣ್ತಾರೆ ಅಂತ ಲೆಕ್ಕ. ಅದರೊಳಗೆ ಡಯಾಕ್ಸಿನ್ ಎಂಬ ವಿಷ ಬೆರೆತಿತ್ತು. ಯುದ್ಧ ಮುಗಿದು ಮೂರು ದಶಕ ಕಳೆದರೂ ಡ್ರಮ್ಮು ಇಳಿಸಿ ವಿಮಾನಕ್ಕೆ ತುಂಬಿಸಿದ ಜಾಗಗಳಲ್ಲಿ, ಮುಖ್ಯವಾಗಿ ದನಾಂಗ್ ಮತ್ತು ಬಿಯೆನ್ ಹೋವಾ ವಿಮಾನನೆಲೆಗಳಲ್ಲಿ, ಮಣ್ಣಲ್ಲಿ, ಕೆರೆಯ ಕೆಸರಲ್ಲಿ, ಮೀನಿನ ಮೈಯಲ್ಲಿ ಅದು ಸಿಗ್ತಾ ಇತ್ತು.

ಈ ಎರಡು ದೇಶ ಹತ್ತಿರ ಬಂದ ಕ್ರಮ ನೋಡಿ. 1994ರಲ್ಲಿ ವ್ಯಾಪಾರ ನಿರ್ಬಂಧ ತೆಗೆದರು. 1995ರ ಜುಲೈಯಲ್ಲಿ ರಾಯಭಾರ ಸಂಬಂಧ. 2000ದಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ. ಡಯಾಕ್ಸಿನ್ ಮಾತು ಎರಡೂ ಸರಕಾರಗಳ ಜಂಟಿ ಹೇಳಿಕೆಯಲ್ಲಿ ಬಂದದ್ದು 2006ರಲ್ಲಿ, ಅಮೆರಿಕದ ಸಂಸತ್ತು ಮೊದಲ 30 ಲಕ್ಷ ಡಾಲರ್ ಕೊಟ್ಟದ್ದು 2007ರಲ್ಲಿ. ದನಾಂಗಿನ ಕೆಲಸ 2012ರಲ್ಲಿ ಶುರುವಾಗಿ 2018ರಲ್ಲಿ ಮುಗಿಯಿತು. ಖರ್ಚು ಸುಮಾರು 11 ಕೋಟಿ ಡಾಲರ್. ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಕಾಂಕ್ರೀಟು ಪೆಟ್ಟಿಗೆ ಕಟ್ಟಿ, ಅದಕ್ಕೆ ವಿಷದ ಮಣ್ಣು ತುಂಬಿಸಿ, ಕಾಯುವ ಸರಳು ಇಳಿಸಿ 335 ಡಿಗ್ರಿ ಸೆಲ್ಸಿಯಸ್ ತನಕ ಬಿಸಿ ಮಾಡಿದರು. ಅಷ್ಟು ಬಿಸಿಗೆ ಡಯಾಕ್ಸಿನ್ ಒಡೆದುಹೋಗ್ತದೆ. ಮಣ್ಣು ತಣಿಸಿ, ಪರೀಕ್ಷೆ ಮಾಡಿ, ಜಾಗ ವಾಪಸು ಕೊಟ್ಟರು.

ಇಷ್ಟಾಗಿಯೂ "ನಮ್ಮಿಂದ ಆಯ್ತು" ಅಂತ ಅಮೆರಿಕ ಕಾನೂನಿನ ಭಾಷೆಯಲ್ಲಿ ಎಲ್ಲಿಯೂ ಒಪ್ಪಿಲ್ಲ. ಜನರಿಗೆ ಕೊಡುವ ನೆರವಿನ ಕಾಗದದಲ್ಲಿ, ಕಾರಣ ಏನೇ ಇರಲಿ ಅಂಗವೈಕಲ್ಯ ಇರುವವರಿಗೆ, ಅಂತ ಇರ್ತದೆ. ವಿಯೆಟ್ನಾಂ ಆ ಒಕ್ಕಣೆಗೆ ಒಪ್ಪಿ ಕೆಲಸ ಮಾಡಿಸಿಕೊಂಡಿತು.

ಜಾಣತನವೋ, ಸೋಲೋ? ನನ್ನ ಲೆಕ್ಕದಲ್ಲಿ ಜಾಣತನ. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸುರಿದ ನಮ್ಮ ಗೇರುಗುಡ್ಡೆಯ ಬುಡದಲ್ಲಿ ಹುಟ್ಟಿ ಬೆಳೆದವರು ಏನು ಹೇಳ್ತೀರಿ ಅಂತ ಕೇಳುವ ಅಂತ ಬರೆದೆ.

ಒಳ್ಳೆಮೆಣಸು

ಅವರ ಮಣ್ಣು ಸರಿ ಆಯ್ತು, ನಮ್ಮ ಮೆಣಸು ಹಾಳಾಯ್ತು. ಮುಂದೆ ಹೇಳಿ.

ಮುಳಿಯಾರಿನಿಂದ

ಅಡ್ಕಸ್ಥಳದ ಅಣ್ಣ, ಜಾಣತನ ಅಂತ ಹೇಳ್ಲಿಕ್ಕೆ ದೂರ ನಿಂತಿರ್ಬೇಕು.

ನಮ್ಮ ಮನೆಯಲ್ಲಿ ನನ್ನ ಅಣ್ಣ ಇದ್ದಾನೆ. ಈಗಲೂ ಅಮ್ಮನೇ ಉಣಿಸ್ಬೇಕು, ಮಗ್ಗುಲು ಬದಲಿಸ್ಬೇಕು. ಹೆಲಿಕಾಪ್ಟರ್ ಬರುವ ಮುಂಚೆ ತೋಟದ ಕಡೆಯಿಂದ ಹೇಳಿಕೆ ಬರ್ತಿತ್ತಂತೆ, ಬಾವಿ ಮುಚ್ಚಿ ಅಂತ. ನಮ್ಮದು ಸುರಂಗದ ನೀರು. ಗುಡ್ಡದ ಹೊಟ್ಟೆಯಿಂದ ಹರಿದು ಬಂದು ಅಡಿಕೆ ಹಾಳೆಯ ದಂಬೆಯಲ್ಲಿ ಮಣ್ಣಿನ ಕೆರೆಗೆ ಬೀಳ್ತದೆ. ಎಂತದನ್ನು ಮುಚ್ಚುವುದು? ಗುಡ್ಡವನ್ನಾ? ಅಮ್ಮ ಹಳೆ ಸೀರೆಯನ್ನು ಎರಡು ಪದರ ಮಾಡಿ ಕೆರೆಯ ಮೇಲೆ ಕಟ್ಟಿದ್ದರಂತೆ. ಅದರ ಮೇಲೆ ಬಿದ್ದ ಹನಿಯ ವಾಸನೆ ಸೀರೆ ಒಗೆದರೂ ಹೋಗ್ಲಿಲ್ಲ, ಕಡೆಗೆ ಸುಟ್ಟರು.

ಹಣ ಬೇಡ ಅಂತ ನಾನು ಹೇಳುವುದಿಲ್ಲ. ಆದ್ರೆ "ಕಾರಣ ಏನೇ ಇರಲಿ" ಅಂತ ಬರೆದ ಕಾಗದದಲ್ಲಿ ಕೊಟ್ಟರೆ ಅದು ಭಿಕ್ಷೆ. ನನ್ನ ಅಣ್ಣ ಹೀಗೆ ಆದದ್ದು ಅವನ ಹಣೆಬರಹ, ನಾವು ಪಾಪ ಅಂತ ಕೊಡ್ತೇವೆ, ಹಾಗೆ ಅದರ ಅರ್ಥ.

ಲ್ಯಾಬ್ ಬೀರಂತಬೈಲು

ಮುಂದೆ ಹೋಗುವ ಮೊದಲು ಒಂದು ವಿಷಯ ಬಿಡಿಸಿ ಇಡುತ್ತೇನೆ, ಯಾಕೆಂದರೆ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಲ್ಲಿ ಎರಡನ್ನೂ ಒಂದೇ ಮಾಡಿರುತ್ತಾರೆ. ಏಜೆಂಟ್ ಆರೆಂಜ್ ಕಳೆನಾಶಕ. ಅದರ ಒಂದು ಅಂಶವಾದ 2,4,5-ಟಿ ತಯಾರಾಗುವಾಗ ಬೇಡದೆ ಹುಟ್ಟುವ ಕಲ್ಮಶ ಡಯಾಕ್ಸಿನ್. ಎಂಡೋಸಲ್ಫಾನ್ ಕೀಟನಾಶಕ, ಗೇರಿನ ಚಿಗುರು ಹೀರುವ ಟೀ ಸೊಳ್ಳೆಗೆಂದು ಹೊಡೆದದ್ದು. ಡಯಾಕ್ಸಿನ್ ಕೆಸರಿನಲ್ಲಿ ದಶಕಗಟ್ಟಲೆ ಕೂರುತ್ತದೆ, ಎಂಡೋಸಲ್ಫಾನ್ ಅಷ್ಟು ಕಾಲ ಕೂರುವುದಿಲ್ಲ. ಆದ್ದರಿಂದ "ನಮ್ಮ ಗುಡ್ಡೆಯನ್ನೂ ಹಾಗೆ ಕಾಯಿಸಿ ಕೊಡಿ" ಎಂಬ ಬೇಡಿಕೆಗೆ ಅರ್ಥವಿಲ್ಲ.

ಎರಡೂ ಒಂದೇ ಛಾವಣಿಯಡಿ ಬರುವುದು ಸ್ಟಾಕ್‌ಹೋಮ್ ಒಪ್ಪಂದದಲ್ಲಿ. ಕರಗದೆ ಉಳಿಯುವ ವಿಷಗಳ ಬಗ್ಗೆ 2001ರಲ್ಲಿ ಆದದ್ದು, 2004ರಲ್ಲಿ ಜಾರಿಗೆ ಬಂತು. ಡಯಾಕ್ಸಿನ್ ಮೊದಲ ಹನ್ನೆರಡರಲ್ಲೇ ಇತ್ತು. ಎಂಡೋಸಲ್ಫಾನ್ ಸೇರಿದ್ದು 2011ರ ಏಪ್ರಿಲ್ ಕೊನೆಗೆ, ಜಿನೀವಾದಲ್ಲಿ. ಅಲ್ಲಿ ಕಡೆಯ ತನಕ ಬೇಡ ಎಂದು ಹಟ ಹಿಡಿದದ್ದು ನಮ್ಮದೇ ದೇಶ. ಸಭೆ ಶುರುವಾದ ದಿನ, ಏಪ್ರಿಲ್ 25ರಂದು, ಕೇರಳದ ಮುಖ್ಯಮಂತ್ರಿ ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತಿದ್ದರು. ಒಂದು ರಾಜ್ಯದ ಮುಖ್ಯಮಂತ್ರಿ ತನ್ನ ದೇಶದ ನಿಯೋಗದ ವಿರುದ್ಧ ಉಪವಾಸ! ಕಡೆಗೆ ಭಾರತ ಒಪ್ಪಿದ್ದು ಹತ್ತಿ, ಚಹಾ, ಕಾಫಿ, ಭತ್ತ ಮುಂತಾದ ಬೆಳೆಗಳಿಗೆ ಕೆಲವು ವರ್ಷ ವಿನಾಯಿತಿ ಸಿಕ್ಕಿದ ಮೇಲೆ. ಗೇರು ಆ ಪಟ್ಟಿಯಲ್ಲಿ ಇರಲಿಲ್ಲ. ಎರಡು ವಾರದಲ್ಲಿ, ಮೇ 13ಕ್ಕೆ, ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು.

ಅಂದ ಹಾಗೆ ದನಾಂಗಿನ ಮಣ್ಣು ಕಾಯಿಸಿದ ಅಮೆರಿಕ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಸಹಿ ಹಾಕಿದೆ, ಸಂಸತ್ತಿನಲ್ಲಿ ಅಂಗೀಕರಿಸಿಲ್ಲ. ವಿಯೆಟ್ನಾಂ 2002ರಲ್ಲೇ ಅಂಗೀಕರಿಸಿದೆ, ನಾವು 2006ರಲ್ಲಿ.

ಪುತ್ತಿಗೆಯವ

ಎಲ್ಲಾ ಚೀನಾದ ಹೆದರಿಕೆ ಮಾರಾಯ್ರೆ. 1979ರಲ್ಲಿ ಚೀನಾ ವಿಯೆಟ್ನಾಮಿಗೆ ನುಗ್ಗಿತ್ತು. ಸಮುದ್ರದ ಜಗಳ ಈಗಲೂ ಉಂಟು. ಹಾಗೆ ಅಮೆರಿಕ ಬೇಕಾಯ್ತು, ಅಮೆರಿಕಕ್ಕೂ ಇವರು ಬೇಕಾಯ್ತು. 2016ರಲ್ಲಿ ಒಬಾಮ ಆಯುಧ ಮಾರುವ ನಿರ್ಬಂಧವನ್ನೂ ತೆಗೆದ. ಮಣ್ಣು ಕಾಯಿಸಿದ್ದು ಅದರ ಜೊತೆಗೆ ಸಿಕ್ಕಿದ ಕೊಸರು.

ಮುಳ್ಳೇರಿಯ ಮಾಷ್ಟ್ರು

ಪುತ್ತಿಗೆಯವರು ಹೇಳಿದ್ದರಲ್ಲಿ ಹುರುಳಿದೆ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಹತ್ತಿರ ಬರುವ ಮೊದಲ ಹೆಜ್ಜೆಯನ್ನು ಸೋತವರಿಗಿಂತ ಗೆದ್ದವರೇ ಹೆಚ್ಚು ಇಟ್ಟರು. ಕಾಣೆಯಾದ ಅಮೆರಿಕನ್ ಸೈನಿಕರ ಎಲುಬು ಹುಡುಕಲು ವಿಯೆಟ್ನಾಂ 1980ರ ದಶಕದ ಕೊನೆಗೇ ತನ್ನ ಹಳ್ಳಿಗಳಿಗೆ ಅವರ ತಂಡಗಳನ್ನು ಬಿಟ್ಟುಕೊಂಡಿತು. ತನ್ನದೇ ಲಕ್ಷಾಂತರ ಮಂದಿ ಎಲ್ಲಿ ಬಿದ್ದರೆಂದು ಗೊತ್ತಿಲ್ಲದ ದೇಶ ಅದು. ಅಮೆರಿಕದ ಕಡೆಯಿಂದ ಬಾಗಿಲು ತೆರೆಸಿದವರಲ್ಲಿ ಸೆನೆಟರುಗಳಾದ ಜಾನ್ ಮೆಕೇನ್ ಮತ್ತು ಜಾನ್ ಕೆರಿ ಮುಖ್ಯರು. ಇಬ್ಬರೂ ಆ ಯುದ್ಧದಲ್ಲಿ ಇದ್ದವರು. ಮೆಕೇನ್ 1967ರಿಂದ 1973ರ ತನಕ ಅಲ್ಲಿ ಸೆರೆಯಲ್ಲಿದ್ದವರು. ಒಬ್ಬರು ಒಂದು ಪಕ್ಷ, ಇನ್ನೊಬ್ಬರು ಇನ್ನೊಂದು.

ಹಣದ ಕತೆ ಕೇಳಿದರೆ ಮುಳಿಯಾರಿನ ತಂಗಿಗೆ ಇನ್ನೂ ಸಿಟ್ಟು ಬಂದೀತು. 1973ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಹನೋಯಿಯ ಉತ್ತರ ವಿಯೆಟ್ನಾಂ ಸರಕಾರಕ್ಕೆ ಬರೆದ ಪತ್ರದಲ್ಲಿ, ಯುದ್ಧದಿಂದ ಹಾಳಾದದ್ದನ್ನು ಕಟ್ಟಲು ಐದು ವರ್ಷದಲ್ಲಿ 325 ಕೋಟಿ ಡಾಲರ್ ಅಂದಾಜು ಎಂದಿತ್ತು. ಒಂದು ಡಾಲರೂ ಹೋಗಲಿಲ್ಲ. ಅದೇ 1997ರಲ್ಲಿ ವಿಯೆಟ್ನಾಂ, ತಾನು ಸೋಲಿಸಿದ ದಕ್ಷಿಣದ ಸೈಗಾನ್ ಸರಕಾರ ಅಮೆರಿಕದಿಂದ ಮಾಡಿದ್ದ ಸಾಲವನ್ನು ತಾನೇ ತೀರಿಸುತ್ತೇನೆಂದು ಒಪ್ಪಿತು, ಸುಮಾರು 14.5 ಕೋಟಿ ಡಾಲರ್. ಶತ್ರುವಿನ ಸಾಲ, ಶತ್ರುವಿಗೇ! ಆಮೇಲೆ 2000ದಲ್ಲಿ ಅಮೆರಿಕ ಒಂದು ಕಾನೂನು ಮಾಡಿ ಆ ಮರುಪಾವತಿಯ ಒಂದು ಪಾಲನ್ನು ವಿಯೆಟ್ನಾಮಿನ ಹುಡುಗರು ಅಮೆರಿಕದಲ್ಲಿ ಓದಲು ಸ್ಕಾಲರ್‌ಶಿಪ್ ಆಗಿ ತಿರುಗಿಸಿತು.

ಮಾನದ ಲೆಕ್ಕದಲ್ಲಿ ನೋಡಿದರೆ ಇದು ನುಂಗಲಾಗದ ತುತ್ತು. ಅವರು ನುಂಗಿದರು. ಅದರಿಂದ ಏನು ಸಿಕ್ಕಿತು ಅಂದರೆ, 1995ರಲ್ಲಿ ಎರಡು ದೇಶಗಳ ನಡುವಿನ ವ್ಯಾಪಾರ 50 ಕೋಟಿ ಡಾಲರಿಗೂ ಕಡಿಮೆ. ಈಗ 10,000 ಕೋಟಿ ಡಾಲರ್ ದಾಟಿ ಹೋಗಿದೆ.

ಒಳ್ಳೆಮೆಣಸು

ಮಾಷ್ಟ್ರೆ, ಆ ವ್ಯಾಪಾರ ಬೆಳೆದ ಭರದಲ್ಲೇ ಅವರು ಮೆಣಸಿನ ಬಳ್ಳಿಯನ್ನೂ ಹಬ್ಬಿಸಿದ್ದು. ನಮ್ಮಲ್ಲಿ ಒಂದು ಕಾಲದಲ್ಲಿ ಕಿಲೋಗೆ ಏಳುನೂರರ ಆಚೀಚೆ ಇದ್ದದ್ದು ಎರಡು ಮೂರು ವರ್ಷದೊಳಗೆ ಅರ್ಧದ ಹತ್ತಿರಕ್ಕೆ ಇಳಿಯಿತಲ್ಲ, ಆಗ ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿ 500 ರೂಪಾಯಿಗಿಂತ ಕಡಿಮೆಗೆ ಆಮದು ಇಲ್ಲ ಅಂತ ಮಾಡಿತು. ಅಷ್ಟರಲ್ಲಿ ಶ್ರೀಲಂಕಾ ದಾರಿಯಿಂದ ಸುತ್ತು ಹಾಕಿ ಬಂದದ್ದು ಬಂದಾಗಿತ್ತು. 2010ರ ಜನವರಿಯಿಂದ ಆಗ್ನೇಯ ಏಷ್ಯಾ ದೇಶಗಳ ಜೊತೆ ಆಸಿಯಾನ್ ವ್ಯಾಪಾರ ಒಪ್ಪಂದ ಬೇರೆ. ಅದಕ್ಕೆ ಸಹಿ ಹಾಕುವಾಗ ಬದಿಯಡ್ಕದವರನ್ನು ಯಾರು ಕೇಳಿದ್ದು?

ನನಗೆ ವಿಯೆಟ್ನಾಮಿನ ರೈತನ ಮೇಲೆ ಸಿಟ್ಟಿಲ್ಲ. ಅವನೂ ನನ್ನ ಹಾಗೆ ಬುಡಕ್ಕೆ ಸುಣ್ಣ ಹಾಕಿ ಸೊರಗುರೋಗ ನಿಲ್ಲಿಸ್ಲಿಕ್ಕೆ ಹೆಣಗುವವ. ಎರಡು ದೇಶ ರಾಜಿ ಆದಾಗ ಮೂರನೆಯವ ಬೆಲೆ ಕೊಡ್ತಾನೆ ಅಂತ ಮಾತ್ರ ಬರೆದಿಡಿ.

ಬೀಜದಂಗಡಿ ಮಂಗಳೂರು

ಗೇರಿನ ಕಡೆಯಿಂದ ನಾನು ಹೇಳ್ತೇನೆ. ತಿರುಳಿನ ರಫ್ತಿನಲ್ಲಿ ನಾವು ಮೊದಲು ಇದ್ದವರು, 2006ರಿಂದ ಅವರು. ಜಗತ್ತಿನ ಮಾರುಕಟ್ಟೆಗೆ ಹೋಗುವ ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವರದ್ದು. ದೊಡ್ಡ ಗಿರಾಕಿಗಳಲ್ಲಿ ಒಬ್ಬ ಅಮೆರಿಕ. ಅಲ್ಲಿನ ಬಿನ್ ಫುಕ್ ಕಡೆಯ ಫ್ಯಾಕ್ಟರಿಗಳಲ್ಲಿ ಒಡೆಯುವುದು, ಸಿಪ್ಪೆ ಸುಲಿಯುವುದು, ಬಣ್ಣ ನೋಡಿ ವಿಂಗಡಿಸುವುದು ಎಲ್ಲಾ ಮೆಷಿನು. ನಮ್ಮಲ್ಲಿ ಹೆಂಗಸರು ಕೈಗೆ ಬೂದಿಯೋ ಎಣ್ಣೆಯೋ ಹಚ್ಚಿಕೊಂಡು ಒಂದೊಂದೇ ಬೀಜ ಒಡೆಯುತ್ತಿದ್ದ ಕಾಲದಲ್ಲೇ ಅವರು ಮೆಷಿನಿಗೆ ಹೋದರು. ಬೀಜ ಅವರ ಹತ್ರ ಸಾಕಷ್ಟಿಲ್ಲ. ಆಫ್ರಿಕಾದಿಂದ, ಕಾಂಬೋಡಿಯಾದಿಂದ ತರಿಸ್ತಾರೆ. ನಾವೂ ಆಫ್ರಿಕಾದಿಂದಲೇ ತರಿಸುವುದು. ಒಂದೇ ಹಡಗಿಗೆ ಇಬ್ಬರೂ ಕಾಯುವವರು.

ಈ ಗೆಳೆತನದ ಇನ್ನೊಂದು ಮುಖ. ಅವರ ಮೀನು ಅಮೆರಿಕಕ್ಕೆ ಅಗ್ಗದಲ್ಲಿ ಬರ್ತದೆ ಅಂತ ಅಲ್ಲಿನ ಮೀನು ಸಾಕಣೆಯವರು ಗಲಾಟೆ ಮಾಡಿ 2003ರಲ್ಲಿ ಸುರಿತೆರಿಗೆ (ಅಗ್ಗದ ಆಮದಿನ ಮೇಲಿನ ಹೆಚ್ಚುವರಿ ಸುಂಕ) ಹಾಕಿಸಿದರು, ವ್ಯಾಪಾರ ಒಪ್ಪಂದ ಜಾರಿಯಾಗಿ ಎರಡು ವರ್ಷವೂ ಆಗಿರಲಿಲ್ಲ. 2025ರ ಏಪ್ರಿಲಿನಲ್ಲಿ ಟ್ರಂಪ್ ಒಂದೇ ಪಟ್ಟಿಗೆ ವಿಯೆಟ್ನಾಮಿನ ಮೇಲೆ 46 ಶೇಕಡಾ ಸುಂಕ ಅಂದದ್ದು, ಜುಲೈಯಲ್ಲಿ 20ಕ್ಕೆ ಇಳಿದದ್ದು ನೆನಪಿರಬಹುದು. ಯಾವ ಮೆಕೇನ್, ಯಾವ ಕೆರಿ! ಗಿರಾಕಿ ದೊಡ್ಡವ ಆದ್ರೆ ಕುತ್ತಿಗೆ ಅವನ ಕೈಯಲ್ಲಿ.

ವಕೀಲ ಹೊಸದುರ್ಗ

ಮೂಲ ಪ್ರಶ್ನೆಗೆ ಬರೋಣ. ವಿಯೆಟ್ನಾಂ ಕೋರ್ಟಿನ ದಾರಿ ಹಿಡಿಯಲಿಲ್ಲ ಎಂದಲ್ಲ. 2004ರಲ್ಲಿ ಅಲ್ಲಿನ ಸಂತ್ರಸ್ತರು ರಾಸಾಯನಿಕ ಕಂಪೆನಿಗಳ ಮೇಲೆ ಬ್ರೂಕ್ಲಿನ್‌ನಲ್ಲಿ ದಾವೆ ಹೂಡಿದರು. 2005ರ ಮಾರ್ಚಿನಲ್ಲಿ ನ್ಯಾಯಾಧೀಶ ವೈನ್‌ಸ್ಟೈನ್ ತಳ್ಳಿಹಾಕಿದರು. ಆ ಕಾಲದ ಅಂತಾರಾಷ್ಟ್ರೀಯ ಕಾನೂನಿನಲ್ಲಿ ಕಳೆನಾಶಕವನ್ನು ವಿಷಾಸ್ತ್ರವೆಂದು ಎಣಿಸಿರಲಿಲ್ಲ ಎಂಬುದು ಮುಖ್ಯ ಕಾರಣ. ಮೇಲ್ಮನವಿ 2008ರಲ್ಲಿ ಬಿತ್ತು, 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೇಳಲೇ ಇಲ್ಲ.

ಇದಕ್ಕಿಂತ ಕಹಿಯಾದದ್ದು ಒಂದಿದೆ. ಅದೇ ಕಂಪೆನಿಗಳು 1984ರಲ್ಲಿ ಅಮೆರಿಕದ ಮಾಜಿ ಸೈನಿಕರಿಗೆ 18 ಕೋಟಿ ಡಾಲರ್ ಕೊಟ್ಟು ರಾಜಿಯಾದವು, ತಪ್ಪು ಒಪ್ಪದೆ. 1991ರಲ್ಲಿ ಅಮೆರಿಕದ ಸಂಸತ್ತು ಏಜೆಂಟ್ ಆರೆಂಜ್ ಕಾನೂನು ಮಾಡಿತು. ವಿಯೆಟ್ನಾಮಿನಲ್ಲಿ ದುಡಿದ ಸೈನಿಕನಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದರೆ, ಅದು ಇದರಿಂದಲೇ ಬಂತೆಂದು ಕಾನೂನೇ ಭಾವಿಸುತ್ತದೆ. ಆತ ರುಜುವಾತು ಮಾಡಬೇಕಿಲ್ಲ. ಸುರಿದವನ ದೇಶದವನಿಗೆ ರುಜುವಾತು ಬೇಡ. ಯಾರ ಗದ್ದೆಯ ಮೇಲೆ ಸುರಿಯಿತೋ ಅವನಿಗೆ "ಕಾರಣ ಏನೇ ಇರಲಿ".

ನಮ್ಮಲ್ಲಿ ಇದೇ ರುಜುವಾತಿನ ಹಗ್ಗಜಗ್ಗಾಟ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಎಂಡೋಸಲ್ಫಾನ್ ಬಿದ್ದ ಪಡ್ರೆ ಊರಿಗೆ ಬಂದು ಪರೀಕ್ಷೆ ಮಾಡಿ, ಕಾಯಿಲೆಗೂ ಅದಕ್ಕೂ ಸಂಬಂಧ ಇದೆ ಅಂದರು. ಕೇಂದ್ರ ಕೂರಿಸಿದ ದುಬೆ ಸಮಿತಿ ಸಂಬಂಧ ತೋರುವುದಿಲ್ಲ ಅಂದಿತು. ಕೊನೆಗೆ ವಿಜ್ಞಾನಿಗಳ ಜಗಳ ಮುಗಿಯಲೆಂದು ಕಾಯದೆ ಸುಪ್ರೀಂ ಕೋರ್ಟು 2017ರ ಜನವರಿ 10ರಂದು, ಸಂತ್ರಸ್ತರ ಪಟ್ಟಿಯಲ್ಲಿ ಇದ್ದವರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ಅಂದರೆ ನಮಗೆ ಸಿಕ್ಕಿದ್ದು ಹಕ್ಕು, ಅವರಿಗೆ ಸಿಕ್ಕಿದ್ದು ನೆರವು. ಈ ವ್ಯತ್ಯಾಸ ಸಣ್ಣದಲ್ಲ.

ಅಡ್ಕಸ್ಥಳದವ

ವಕೀಲರೇ, ಆ ಹಕ್ಕಿನ ಮುಂದಿನ ಕತೆಯನ್ನೂ ಹೇಳಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಮುಂದೆ ಬಂದ ಲೆಕ್ಕ: 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಕೋರ್ಟಿಗೆ ಹೋದ 8 ಜನರಿಗೆ. ಮೂರು ತಿಂಗಳು ಹೋಗಿ ಐದು ವರ್ಷ ಆಗಿತ್ತು. ಕೋರ್ಟು ಬೈದ ಮೇಲೆ ಸರಕಾರ ಹಣ ತೆಗೆದಿಟ್ಟಿತು. ಕಾಸರಗೋಡಿನಿಂದ ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ಹೋಗಿ ಕೂತದ್ದು ಹಕ್ಕು ಸಿಕ್ಕಿದ ಮೇಲೆಯೂ.

ಅದೇ ಕಾಲದಲ್ಲಿ, ಹಕ್ಕಿಲ್ಲದ ದನಾಂಗಿನಲ್ಲಿ ಮಣ್ಣು ಕಾಯಿಸಿ ಮುಗಿದಿತ್ತು. ನಾನು ಜಾಣತನ ಅಂದದ್ದು ಇದಕ್ಕೇ.

ಮುಳಿಯಾರಿನಿಂದ

ಅಣ್ಣ, ದನಾಂಗಿನ ಹೆಸರೇ ಹೇಳ್ತಾ ಇದ್ದೀರಿ. ಬಿಯೆನ್ ಹೋವಾ ಹೇಳಿ. ಅಲ್ಲಿ ವಿಷದ ಮಣ್ಣು ದನಾಂಗಿಗಿಂತ ಎಷ್ಟೋ ಹೆಚ್ಚು, ಸುಮಾರು 5 ಲಕ್ಷ ಘನ ಮೀಟರ್. 2019ರಲ್ಲಿ ಕೆಲಸ ಹಿಡಿದರು, ಹತ್ತು ವರ್ಷದ್ದು ಅಂದರು. 2025ರ ಆರಂಭದಲ್ಲಿ ಅಮೆರಿಕದಲ್ಲಿ ಸರಕಾರ ಬದಲಾಗಿ ವಿದೇಶಿ ನೆರವು ಒಮ್ಮೆಲೇ ನಿಂತಿತಲ್ಲ, ಆಗ ಅಲ್ಲಿ ಅಗೆದ ಹೊಂಡ ಬಾಯಿ ಬಿಟ್ಟುಕೊಂಡೇ ಬಿದ್ದಿತ್ತು. ಮಳೆಗಾಲ ಬಂದರೆ ವಿಷ ಎಲ್ಲ ಹೊಳೆಗೆ ಅಂತ ಅಲ್ಲಿದ್ದವರು ಬೊಬ್ಬೆ ಹೊಡೆದ ಮೇಲೆ ಪುನಃ ಶುರು ಮಾಡ್ಲಿಕ್ಕೆ ಬಿಟ್ಟರು. ಇನ್ನು ಕೊಡ್ತಾರಾ ಬಿಡ್ತಾರಾ ಅಂತ ವಾಷಿಂಗ್ಟನ್ನಿನಲ್ಲಿ ಕೂತವನ ಮನಸ್ಸು.

ಪಾಪ ಅಂತ ಕೊಡುವವ ಯಾವಾಗ ಬೇಕಾದರೂ ಕೈ ಎಳೆದುಕೊಳ್ಳಬಹುದು. ನೀವು ನಿಲ್ಲಿಸಿದ್ದು ತಪ್ಪು ಅಂತ ವಿಯೆಟ್ನಾಂ ಯಾವ ಕೋರ್ಟಿಗೆ ಹೋಗ್ತದೆ? ನಮ್ಮದು ತಡ ಆಯ್ತು, ಅವಮಾನ ಆಯ್ತು, ಎಲ್ಲಾ ಸರಿ. ಆದ್ರೆ ಅಮ್ಮ ಕೋರ್ಟಿನ ಆರ್ಡರಿನ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದಾರೆ. ಕಚೇರಿಯಲ್ಲಿ ಮೇಜಿನ ಮೇಲೆ ಇಡ್ಲಿಕ್ಕೆ ಒಂದು ಕಾಗದ ಉಂಟು ನಮಗೆ.

ಬೀಜದಂಗಡಿ ಮಂಗಳೂರು

ಇದಕ್ಕೆ ಉತ್ತರ ಇಲ್ಲ ಅಡ್ಕಸ್ಥಳದವರೇ. ಒಪ್ಪಂದ ಅಂದ್ರೆ ಒಪ್ಪಂದ, ಔದಾರ್ಯ ಅಂದ್ರೆ ಉದರಿ.

ಜತ್ತದ ಜ್ವಾಳ

ನಮಸ್ಕಾರ್ರೀ ಎಲ್ಲಾರಿಗೂ. ನಾವು ಸಾಂಗ್ಲಿ ಜಿಲ್ಲಾದ ಜತ್ತ ತಾಲೂಕದವರು. ಮನಿಯೊಳಗ ಕನ್ನಡ, ಕಚೇರಿಯೊಳಗ ಮರಾಠಿ. ನಿಮ್ಮ ಮಾತು ಓದಿ ನಮ್ಮದೂ ಒಂದಿಷ್ಟು ಹೇಳೂಣು ಅನಿಸ್ತು.

2022ರ ಕೊನಿಗೆ ಎರಡೂ ರಾಜ್ಯದ ಮುಖ್ಯಮಂತ್ರಿಗಳು ನಮ್ಮ ಹಳ್ಳಿ ಹೆಸರ ಹಿಡಿದು ಜಗ್ಗ್ಯಾಡಿದ್ರು ನೋಡ್ರಿ. ಜಗಳ ಗಡಿದು, ಆದ್ರ ನಮಗ ಬೇಕಾದದ್ದು ನೀರು. ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿ ನೀರು ಹರದ್ರ ನಮ್ಮ ಕೆರಿಗೂ ಬರ್ತದ. ಅತ್ಲಾಗ ಬ್ಯಾಸಗಿಯೊಳಗ ಕೃಷ್ಣಾ ಬತ್ತಿದ್ರ ಚಿಕ್ಕೋಡಿ, ಜಮಖಂಡಿ ಮಂದಿ ಕೊಯ್ನಾ ನೀರು ಬಿಡ್ರಿ ಅಂತ ಮಹಾರಾಷ್ಟ್ರಕ್ಕ ಕೈ ಒಡ್ಡತಾರ. ಅವರು ಅಲ್ಲಿ ಬಿಡೂದು, ಇವರು ಇಲ್ಲಿ ಕೊಡೂದು, ಅಂತ ಮಾತು ಎಷ್ಟೋ ಸಲ ಆಗ್ಯಾವು. ಕಾಗದದ ಮ್ಯಾಲ ಗಟ್ಟಿ ಆಗೂದಿಲ್ಲ. ಯಾಕ ಅಂದ್ರ, ಸಹಿ ಹಾಕಿದ್ರ ಗಡಿ ವಿಷಯದಾಗ ಸೋತಂಗ ಅಂತ ಇಬ್ಬರಿಗೂ ಅಂಜಿಕಿ.

ನನಗ ಅನಸೂದು, ವಿಯೆಟ್ನಾಮಿನವರು ಯಾರ ತಪ್ಪು ಅನ್ನೂದನ್ನ ಬದಿಗಿಟ್ಟು ಮಣ್ಣಿನ ಕೆಲಸ ತಗೊಂಡ್ರು. ನಮ್ಮವರು ಗಡಿ ಯಾರದು ಅನ್ನೂದನ್ನ ಬದಿಗಿಟ್ಟು ನೀರಿನ ಕೆಲಸ ಮಾಡಬಾರದೇನ್ರಿ?

ಕುಂಬಳೆಯಿಂದ ಮಾನ್‌ಹೈಮ್

ಜತ್ತದವರ ಮಾತಿಗೆ ರೈನ್ ನದಿಯ ದಡದಿಂದ ಒಂದು ಉದಾಹರಣೆ. ಫ್ರಾನ್ಸ್, ಜರ್ಮನಿ ಎಪ್ಪತ್ತು ವರ್ಷದೊಳಗೆ ಮೂರು ಸಲ ಕಾದಾಡಿದ ದೇಶಗಳು. ಎರಡನೆಯ ಮಹಾಯುದ್ಧ ಮುಗಿದು ಐದೇ ವರ್ಷಕ್ಕೆ, 1950ರಲ್ಲಿ, ರೈನ್ ಮಾಲಿನ್ಯದ ಬಗ್ಗೆ ದಡದ ದೇಶಗಳ ಆಯೋಗವೊಂದು ಹುಟ್ಟಿತು. 1951ರಲ್ಲಿ ಕಲ್ಲಿದ್ದಲು-ಉಕ್ಕಿನ ಒಕ್ಕೂಟ. ಕೇಳಲು ಚಂದ. ಆದರೆ ಆಯೋಗ ಮೊದಲ ಎರಡು ಮೂರು ದಶಕ ಅಳತೆ ಮಾಡುವುದರಲ್ಲೇ ಕಳೆಯಿತು.

ಕಾಸರಗೋಡಿನವರಿಗೆ ಒಂದು ವಿಷಯ ಗೊತ್ತಿರಲಿ. 1969ರ ಜೂನಿನಲ್ಲಿ ರೈನ್‌ನಲ್ಲಿ ಮೀನು ರಾಶಿ ರಾಶಿ ಸತ್ತು ತೇಲಿತು. ಹಾಲೆಂಡಿನವರು ಕುಡಿಯುವ ನೀರು ಎತ್ತುವುದನ್ನೇ ನಿಲ್ಲಿಸಿದರು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಎಂಡೋಸಲ್ಫಾನ್. ಪಡ್ರೆಯ ಗುಡ್ಡೆಗೆ ಹೆಲಿಕಾಪ್ಟರ್ ಬರುವ ಮೊದಲೇ ಯುರೋಪಿನ ನದಿ ಅದರ ರುಚಿ ನೋಡಿತ್ತು.

ಉಪ್ಪಿನ ಜಗಳ ಇನ್ನೂ ಸ್ವಾರಸ್ಯ. ಫ್ರಾನ್ಸಿನ ಅಲ್ಸಾಸ್ ಪೊಟ್ಯಾಷ್ ಗಣಿಗಳು ಉಪ್ಪನ್ನು ನದಿಗೆ ಬಿಡುತ್ತಿದ್ದವು, ಕೆಳಗೆ ಹಾಲೆಂಡಿನ ಹೂ-ತರಕಾರಿ ಬೆಳೆಗಾರರಿಗೆ ನಷ್ಟ. 1976ರ ಒಪ್ಪಂದದಲ್ಲಿ ಉಪ್ಪು ಕಡಿಮೆ ಮಾಡುವ ಖರ್ಚಿನ ಪಾಲು ಹೀಗೆ ಬಂತು: ಹಾಲೆಂಡ್ 34 ಶೇಕಡಾ, ಫ್ರಾನ್ಸ್ 30, ಜರ್ಮನಿ 30, ಸ್ವಿಟ್ಜರ್ಲೆಂಡ್ 6. ನಷ್ಟಪಟ್ಟವನೇ ಎಲ್ಲರಿಗಿಂತ ಹೆಚ್ಚು ಕೊಟ್ಟ! ಅದಕ್ಕೂ ಫ್ರಾನ್ಸ್ ವರ್ಷಗಟ್ಟಲೆ ಎಳೆದಾಡಿತು. ಅದೇ 1976ರಲ್ಲಿ ಯುರೋಪಿನ ನ್ಯಾಯಾಲಯ ಆ ಬೆಳೆಗಾರರ ಮೊಕದ್ದಮೆಯಲ್ಲಿ, ಮಾಲಿನ್ಯ ಬಿಟ್ಟ ಜಾಗದ ಕೋರ್ಟಿಗೂ ಹೋಗಬಹುದು, ಹಾನಿಯಾದ ಜಾಗದ ಕೋರ್ಟಿಗೂ ಹೋಗಬಹುದು, ಆಯ್ಕೆ ಹಾನಿಯಾದವನದ್ದು ಎಂದು ತೀರ್ಪು ಕೊಟ್ಟಿತು. ರಾಜಿ ಮಾತುಕತೆ ಮೇಜಿನ ಮೇಲೆ, ಮೊಕದ್ದಮೆ ಮೇಜಿನ ಕೆಳಗೆ, ಎರಡೂ ಒಟ್ಟಿಗೆ ನಡೆದವು. ಒಂದನ್ನು ಬಿಟ್ಟು ಇನ್ನೊಂದು ಹಿಡಿಯಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ.

ನಿಜವಾಗಿ ವೇಗ ಬಂದದ್ದು 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಎಂಬ ರಾಸಾಯನಿಕ ಕಂಪೆನಿಯ ಗೋದಾಮಿಗೆ ಬೆಂಕಿ ಬಿದ್ದು, ನಂದಿಸಿದ ನೀರಿನ ಜೊತೆ ಟನ್ನುಗಟ್ಟಲೆ ಕೀಟನಾಶಕ ನದಿಗೆ ಹೋಗಿ, ನದಿ ಕೆಂಪಾದಾಗ. ಮರುವರ್ಷವೇ ಕಾರ್ಯಯೋಜನೆ ಬಂತು.

ವಕೀಲ ಹೊಸದುರ್ಗ

ಆ 1976ರ ತೀರ್ಪಿನ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮಲ್ಲಿ ಅಂಥದ್ದೇ ಒಂದು ಗಡಿಯ ಗಂಟು ಇದೆ. ಉಳಿದ ಎಂಡೋಸಲ್ಫಾನ್ ಗೋದಾಮುಗಳಲ್ಲಿ ವರ್ಷಗಟ್ಟಲೆ ಬಿದ್ದಿತ್ತಲ್ಲ, ಅದರಲ್ಲಿ ಒಂದಷ್ಟನ್ನು ಮಿಂಚಿನಪದವಿನ ಗೇರುಗುಡ್ಡೆಯ ಹಾಳುಬಾವಿಗೆ ಹಾಕಿ ಮುಚ್ಚಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿದೆ. ಮಿಂಚಿನಪದವು ಕೇರಳದ್ದು, ಪಕ್ಕದ ನೆಟ್ಟಣಿಗೆ ಮುಡ್ನೂರು ಕರ್ನಾಟಕದ್ದು. ಗುಡ್ಡದ ಒಳಗಿನ ಒರತೆಗೆ ಯಾವ ರಾಜ್ಯ? ಎರಡೂ ಕಡೆಯ ಮಾಲಿನ್ಯ ನಿಯಂತ್ರಣ ಮಂಡಳಿಗಳು ಒಟ್ಟಿಗೆ ಕೂತು ಒಂದೇ ದಿನ, ಒಂದೇ ಕ್ರಮದಲ್ಲಿ ನೀರು-ಮಣ್ಣಿನ ಮಾದರಿ ತೆಗೆದು, ಫಲಿತಾಂಶವನ್ನು ಒಂದೇ ಕಾಗದದಲ್ಲಿ ಕೊಡಬೇಕು. ದನಾಂಗಿನಲ್ಲಿ ಹಳೆ ಶತ್ರುಗಳೇ ಒಟ್ಟಿಗೆ ಕೆಲಸ ಮಾಡಲಿಲ್ಲವೇ?

ಲ್ಯಾಬ್ ಬೀರಂತಬೈಲು

ಮಾದರಿ ತೆಗೆಯುವುದಾದರೆ ಮೂಲ ಎಂಡೋಸಲ್ಫಾನ್ ಜೊತೆಗೆ ಎಂಡೋಸಲ್ಫಾನ್ ಸಲ್ಫೇಟ್ ಕೂಡ ನೋಡಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಮಣ್ಣಿನಲ್ಲಿ ಅದು ಹಾಗೆ ಬದಲಾಗಿ ಹೆಚ್ಚು ಕಾಲ ಉಳಿಯುವುದು. ಮೂಲದ್ದನ್ನು ಮಾತ್ರ ಹುಡುಕಿ "ಇಲ್ಲ" ಎಂದು ಬರೆದುಕೊಡುವುದು ಸುಲಭ. ಸುರಂಗದ ನೀರನ್ನು ಮಳೆಗಾಲ ಕಳೆದ ಕೂಡಲೇ ಒಮ್ಮೆ, ಬೇಸಿಗೆಯ ಕೊನೆಗೆ ಒಮ್ಮೆ ತೆಗೆಯಲಿ. ಬಾವಿಯ ತಳದ ಕೆಸರು ಬಹಳ ಮುಖ್ಯ, ಮೇಲಿನ ನೀರಿಗಿಂತ.

ಮುಳಿಯಾರಿನಿಂದ

ಅರ್ಜಿ ಯಾವ ಭಾಷೆಯಲ್ಲಿ ಬರೆಯುವುದು ವಕೀಲರೇ? ನಮ್ಮ ಪಂಚಾಯತಿನಲ್ಲಿ ಕನ್ನಡದಲ್ಲಿ ಕೊಟ್ಟರೆ ಮಲೆಯಾಳದಲ್ಲಿ ಬರೆದು ತನ್ನಿ ಅಂತಾರೆ.

ವಕೀಲ ಹೊಸದುರ್ಗ

ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಸ್ವಂತ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಇದೆ. ತಿರಸ್ಕರಿಸಿದರೆ, ತಿರಸ್ಕರಿಸಿದ್ದೇವೆ ಎಂದು ಬರೆದುಕೊಡಿ ಅನ್ನಿ. ಕರ್ನಾಟಕದ ಕಡೆಗೂ ಅದೇ ಅರ್ಜಿಯ ಪ್ರತಿ ಹೋಗಲಿ, ಮಾಹಿತಿ ಹಕ್ಕಿನಡಿ ಎರಡೂ ಮಂಡಳಿಗಳಿಂದ ಇದುವರೆಗಿನ ಪರೀಕ್ಷಾ ವರದಿ ಕೇಳಿ.

ಅಡ್ಕಸ್ಥಳದವ

ನಾನು ಈಗಲೂ ಜಾಣತನ ಅಂತಲೇ ಹೇಳುವುದು, ಬಿಯೆನ್ ಹೋವಾ ಇದ್ದರೂ. ಆದರೆ ಅರ್ಜಿಗೆ ನನ್ನ ಸಹಿಯೂ ಇರಲಿ. ನೆಟ್ಟಣಿಗೆ ಕಡೆಯಲ್ಲಿ ನನ್ನ ಭಾವನವರ ತೋಟ ಉಂಟು, ಆಚೆಯಿಂದ ನಾಲ್ಕು ಸಹಿ ನಾನು ಹಾಕಿಸ್ತೇನೆ.

ಒಳ್ಳೆಮೆಣಸು

ನನ್ನದೂ. ಮೆಣಸಿನ ಅರ್ಜಿ ಬೇರೆ ಬರೆಯುವ.